ಕೆಂಚ ಗುರ್ ಎನ್ನಲಿಲ್ಲ

ನಮ್ಮ ನಾಯಿ ಕೆಂಚ ನನ್ನ ಕೈ ಕಚ್ಚಿದ ದಿನ ಗುರ್ ಎನ್ನಲಿಲ್ಲ. ಹಲ್ಲೂ ತೋರಿಸಲಿಲ್ಲ. ತಟ್ಟೆಗೆ ಬಾಯಿ ಹಾಕಿ ತಿನ್ನುತ್ತಿದ್ದವನು ಒಂದು ಕ್ಷಣ ಹಾಗೇ ಸೆಟೆದು ನಿಂತ. ಮರುಕ್ಷಣ ಅವನ ಹಲ್ಲು ನನ್ನ ಹೆಬ್ಬೆರಳಿನ ಬುಡದಲ್ಲಿತ್ತು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದೆ. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ತೋರಿಸಿ ಇಂಜೆಕ್ಷನ್ ಹಾಕಿಸಿಕೊಂಡೆ. ಸಾಕಿದ ನಾಯಿ ಅಲ್ವಾ, ಲಸಿಕೆ ಹಾಕಿಸಿದ್ದೀವಲ್ಲ ಅಂತ ಯಾರೂ ಸುಮ್ನೆ ಕೂರಬೇಡಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಗಾಯಕ್ಕಿಂತ ಜಾಸ್ತಿ ಕಾಡಿದ್ದು ಒಂದೇ ಪ್ರಶ್ನೆ. ಇವನು ಯಾಕೆ ಮುನ್ಸೂಚನೆ ಕೊಡದೆ ಕಚ್ಚಿದ? ಯೋಚಿಸುತ್ತಾ ಹೋದ ಹಾಗೆ ಉತ್ತರ ಹೊಳೆಯಿತು. ಮುನ್ಸೂಚನೆ ಕೊಡುವ ಅಭ್ಯಾಸವನ್ನು ಅವನಿಂದ ಬಿಡಿಸಿದ್ದು ನಾನೇ.

ಕೆಂಚ ನಮ್ಮ ಮನೆಗೆ ಬಂದಾಗ ಅವನಿಗೆ ಸುಮಾರು ಎರಡು ವರ್ಷ. ಮೊದಲ ವಾರದಲ್ಲೇ ಗೊತ್ತಾಯಿತು, ತಿನ್ನುವಾಗ ಯಾರಾದರೂ ಹತ್ತಿರ ಹೋದರೆ ಗುರ್ ಅನ್ನುತ್ತಾನೆ ಅಂತ. ಪರಿಚಯದವರೊಬ್ಬರು ಹೇಳಿದರು: "ಯಜಮಾನ ಯಾರು ಅಂತ ತೋರಿಸಿಬಿಡಿ. ತಿನ್ನೋವಾಗಲೇ ತಟ್ಟೆ ಎತ್ಕೊಳ್ಳಿ. ಗುರ್ ಅಂದ್ರೆ ಗದರಿಸಿ." ಎರಡು ತಿಂಗಳು ಹಾಗೇ ಮಾಡಿದೆ. ಗುರ್ ಅನ್ನುವುದು ನಿಂತಿತು. ದಾರಿಗೆ ಬಂದ ಅಂದುಕೊಂಡೆ.

ಅವನ ಕಡೆಯಿಂದ ನೋಡಿ. ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ. ಇದು ಮೊದಲು ಅವನ ಅನುಮಾನ ಮಾತ್ರ ಆಗಿತ್ತು. ನಾನು ದಿನಕ್ಕೆ ಎರಡು ಸಲ ತಟ್ಟೆ ಎತ್ತಿಕೊಂಡು ಅದು ನಿಜ ಅಂತ ಖಾತ್ರಿ ಮಾಡಿಕೊಟ್ಟೆ. ಗುರ್ ಅಂದರೆ "ನನಗೆ ಭಯ ಆಗ್ತಿದೆ, ದೂರ ಹೋಗು" ಅಂತ ಅವನು ಹೇಳುವ ಮಾತು. ನಾನು ಮಾತನ್ನು ನಿಲ್ಲಿಸಿದೆ. ಭಯ ಒಳಗೆ ಹಾಗೇ ಇತ್ತು.

ಈ "ಯಜಮಾನಿಕೆ"ಯ ಮಾತು ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿ ಓದಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದ ಅಧ್ಯಯನದಿಂದ ಈ ವಿಚಾರ ಹರಡಿತು. ಒಂದೇ ಆವರಣದಲ್ಲಿ ಇಟ್ಟಿದ್ದ ತೋಳಗಳು ಮೇಲುಗೈಗಾಗಿ ಜಗಳವಾಡುತ್ತಿದ್ದವು. ನಾಯಿಯೂ ಹಾಗೇ ಅಂತ ಜನ ಅಂದುಕೊಂಡರು. 1970ರ ತಮ್ಮ ಪುಸ್ತಕದಲ್ಲಿ ತೋಳಗಳ ಬಗ್ಗೆ ಇದೇ ಮಾತನ್ನು ಹೇಳಿದ್ದ ಸಂಶೋಧಕ ಡೇವಿಡ್ ಮೆಕ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರ ಲೇಖನದಲ್ಲಿ ಅದನ್ನು ತಾವೇ ತಿದ್ದಿದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ ಅಮ್ಮ ಮತ್ತು ಮರಿಗಳು. ಇಷ್ಟು ಹಳೆಯ ತಪ್ಪನ್ನು ನಾನು ನನ್ನ ಅಡುಗೆಮನೆಯಲ್ಲಿ ಒಂದು ನಾಯಿಯ ಮೇಲೆ ಪ್ರಯೋಗ ಮಾಡುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಮೊದಲು ಮಾಡಿದ ಕೆಲಸ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದು. ಹಿಂದಿನ ಒಂದು ದವಡೆ ಹಲ್ಲು ಸೀಳಿ, ಒಸಡು ಊದಿತ್ತು. ಅದನ್ನು ಕೀಳಿಸಿದೆವು. ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ, ಸಿಡುಕು ಜಾಸ್ತಿಯಾದರೆ ತರಬೇತಿಗಿಂತ ಮೊದಲು ಇದನ್ನು ಮಾಡಿ. ಹಲ್ಲು, ಕಿವಿ, ಸೊಂಟ, ಎಲ್ಲೇ ನೋವಿದ್ದರೂ ನಾಯಿಗೆ ಬಾಯಿಬಿಟ್ಟು ಹೇಳಲು ಆಗುವುದಿಲ್ಲ.

ಆಮೇಲೆ ತಟ್ಟೆಯ ಕೆಲಸ ಶುರುವಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೆಂಚನಿಗೆ ಊಟ ಹಾಕಿ ದೂರ ಹೋಗುತ್ತಿದ್ದೆ. ಅವನು ತಿನ್ನುತ್ತಿರುವಾಗ ಎಂಟು ಅಡಿ ದೂರಕ್ಕೆ ಬಂದು ನಿಂತು, ಬೇಯಿಸಿದ ಕೋಳಿಯ ಒಂದು ಚೂರನ್ನು ತಟ್ಟೆಯ ಹತ್ತಿರ ಎಸೆದು ವಾಪಸ್ ಹೋಗುತ್ತಿದ್ದೆ. ಅಷ್ಟೇ. ಮಾತಿಲ್ಲ, ಮುಟ್ಟುವುದಿಲ್ಲ. ಆ ದೂರ ಯಾಕೆ ಎಂಟೇ ಅಡಿ ಅಂದರೆ, ಆರು ಅಡಿಗೆ ಬಂದರೆ ಅವನು ತಿನ್ನುವ ವೇಗ ಹೆಚ್ಚುತ್ತಿತ್ತು. ನನಗೆ ಮೊದಲು ಕಣ್ಣಿಗೆ ಬಿದ್ದ ಗುರುತು ಅದೇ. ಬೇಗ ಬೇಗ ನುಂಗುವುದು, ತಲೆಯನ್ನು ತಟ್ಟೆಯೊಳಗೆ ಇನ್ನಷ್ಟು ತಗ್ಗಿಸುವುದು. ಆಮೇಲೆ ಕತ್ತು ಸೆಟೆಯುತ್ತದೆ. ತಲೆ ಎತ್ತದೆ ಕಣ್ಣನ್ನಷ್ಟೇ ನಮ್ಮ ಕಡೆ ತಿರುಗಿಸಿದಾಗ ಕಣ್ಣಂಚಿನ ಬಿಳಿ ಕಾಣುತ್ತದೆ. ತಿನ್ನುವುದು ಪೂರ್ತಿ ನಿಂತಿತು ಅಂದರೆ ತುಂಬಾ ತಡವಾಯಿತು. ಕಚ್ಚಿದ ದಿನ ಇದೆಲ್ಲ ನನ್ನ ಕಣ್ಣೆದುರೇ ನಡೆದಿತ್ತು, ನನಗೆ ಓದಲು ಬಂದಿರಲಿಲ್ಲ.

ಎಂಟು ಅಡಿಯಲ್ಲಿ ನಾಲ್ಕೈದು ದಿನ ಕಳೆದ ಮೇಲೆ ಒಂದು ಸಂಜೆ, ನಾನು ಬಂದ ಸದ್ದಿಗೆ ಅವನು ತಲೆ ಎತ್ತಿ ನೋಡಿದ. ಕಿವಿ ಸಡಿಲ, ಬಾಯಿ ಸಡಿಲ, ಬಾಲ ಮೆಲ್ಲಗೆ ಆಡುತ್ತಿತ್ತು. "ಏನು ತಂದಿದ್ದೀಯ?" ಅಂತ ಕೇಳುವ ಮುಖ. ಆ ಮುಖ ಕಂಡ ಮೇಲೆಯೇ ಅರ್ಧ ಅಡಿ ಮುಂದೆ ಹೋಗಿದ್ದು. ತಟ್ಟೆಯ ಪಕ್ಕಕ್ಕೆ ಬರಲು ಏಳು ವಾರ ಹಿಡಿಯಿತು. ನಡುವೆ ಎರಡು ಸಲ ಅವಸರ ಮಾಡಿ ಮತ್ತೆ ಹಿಂದಕ್ಕೆ ಹೋಗಬೇಕಾಯಿತು. ನಿಮ್ಮ ನಾಯಿ ಈಗಾಗಲೇ ಗಾಯವಾಗುವಂತೆ ಕಚ್ಚಿದ್ದರೆ ಒಬ್ಬರೇ ಇದಕ್ಕೆ ಇಳಿಯಬೇಡಿ, ನಾಯಿಯ ನಡವಳಿಕೆ ಬಲ್ಲ ಪಶುವೈದ್ಯರನ್ನೋ ತರಬೇತುದಾರರನ್ನೋ ಜೊತೆಗಿಟ್ಟುಕೊಳ್ಳಿ. ನಾನೂ ಹಾಗೇ ಮಾಡಿದೆ.

ಅವರಿಂದಲೇ ನಾನು ಕಲಿತ ಇನ್ನೊಂದು ದೊಡ್ಡ ವಿಷಯ ಸಮಯ. ಒಂದು ಚಿಕ್ಕ ಪದ ಆರಿಸಿಕೊಳ್ಳಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ ಅಂದರು. ನಾನು "ಸೈ" ಅಂತ ಇಟ್ಟುಕೊಂಡೆ. ಮೊದಲು ಸುಮ್ನೆ "ಸೈ" ಅನ್ನುವುದು, ತಿಂಡಿ ಕೊಡುವುದು. ಹದಿನೈದಿಪ್ಪತ್ತು ಸಲ ಹೀಗೆ ಮಾಡುವಷ್ಟರಲ್ಲಿ ಪದ ಕೇಳಿದರೆ ಸಾಕು, ಕೆಂಚನ ಕಿವಿ ನಿಮಿರುತ್ತಿತ್ತು. ಆಮೇಲೆ ಕೂರುವುದನ್ನು ಕಲಿಸುವಾಗ, ಅವನ ಹಿಂಭಾಗ ನೆಲ ಮುಟ್ಟಿದ ಕ್ಷಣಕ್ಕೇ "ಸೈ". ಎರಡು ಸೆಕೆಂಡ್ ತಡವಾದರೆ ಅವನು ಆಗಲೇ ಏಳುತ್ತಿರುತ್ತಾನೆ, ಎದ್ದಿದ್ದಕ್ಕೆ ಬಹುಮಾನ ಸಿಕ್ಕಿತು ಅಂದುಕೊಳ್ಳುತ್ತಾನೆ. ತಿಂಡಿ ಬಟಾಣಿ ಕಾಳಿನಷ್ಟು ಸಾಕು. ಪಾಠ ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ.

ಇಷ್ಟಾದರೂ ಒಂದು ವಾರ ಏನೋ ಸರಿಹೋಗುತ್ತಿರಲಿಲ್ಲ. ಮಗಳು ಫೋನಿನಲ್ಲಿ ವಿಡಿಯೋ ಮಾಡಿ ತೋರಿಸಿದಳು: "ಅಪ್ಪ, ನೋಡು, ಅವನು ನಿನ್ನ ಮುಖ ನೋಡ್ತಾನೇ ಇಲ್ಲ." ನಿಜ. "ಸೈ" ಅನ್ನುವ ಮೊದಲೇ ನನ್ನ ಕೈ ಜೇಬಿಗೆ ಹೋಗುತ್ತಿತ್ತು. ಕೆಂಚ ಕಲಿತಿದ್ದು ಜೇಬನ್ನು. ಅವತ್ತಿನಿಂದ ಕೈ ಕಟ್ಟಿ ನಿಂತೆ. ಮೊದಲು ಪದ, ಆಮೇಲೆ ಕೈ. ಎರಡೇ ದಿನದಲ್ಲಿ ವ್ಯತ್ಯಾಸ ಕಂಡಿತು. ಅದೇ ವಿಡಿಯೋದಲ್ಲಿ ನಾನು "ಕೂತ್ಕೋ, ಕೂತ್ಕೋ, ಕೂತ್ಕೋ" ಅಂತ ಮೂರು ಸಲ ಹೇಳುವುದೂ ಕೇಳಿಸಿತು. ಅವನು ಮೂರನೆಯದಕ್ಕೆ ಕೂರುತ್ತಿದ್ದ. ಅವನ ಪಾಲಿಗೆ ಆ ಮೂರೂ ಸೇರಿ ಒಂದೇ ಆಜ್ಞೆ. ಒಂದೇ ಸಲ ಹೇಳಿ ಕಾಯುವುದನ್ನು ನಾನು ಕಲಿಯಬೇಕಾಯಿತು.

"ಬಾ" ಅನ್ನುವ ಪದವನ್ನು ಸ್ನಾನಕ್ಕೋ ಉಗುರು ಕತ್ತರಿಸುವುದಕ್ಕೋ ಒಮ್ಮೆಯೂ ಬಳಸಿಲ್ಲ. ಅದಕ್ಕೆಲ್ಲ ನಾನೇ ಎದ್ದು ಹೋಗಿ ಕರೆತರುತ್ತೇನೆ. ಹಗ್ಗ ಎಳೆದರೆ ನಿಲ್ಲುತ್ತೇನೆ, ಹಗ್ಗ ಸಡಿಲವಾದರೆ ನಡೆಯುತ್ತೇನೆ. ಇದರ ಬಗ್ಗೆ ಹೇಳುವುದಕ್ಕೆ ಜಾಸ್ತಿ ಏನೂ ಇಲ್ಲ, ತಾಳ್ಮೆ ಬೇಕು ಅಷ್ಟೇ.

ಜನರ ಮೈಮೇಲೆ ಹಾರುವುದು ಮಾತ್ರ ನಮ್ಮನ್ನು ದಣಿಸಿಬಿಟ್ಟಿತು. ಹಾರಿದಾಗ ಬೆನ್ನು ತಿರುಗಿಸಿ ನಿಲ್ಲುವುದು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತಾಡಿಸುವುದು ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದೆವು. ಮೂರನೇ ದಿನಕ್ಕೆ ಹಾರುವುದು ಇನ್ನೂ ಜೋರಾಯಿತು. ಬೆನ್ನಿನ ಮೇಲೆಲ್ಲ ಪರಚಿದ ಗೆರೆ. ಇದು ನಡೆಯದ ಉಪಾಯ ಅಂತ ಅನೇಕರು ಬಿಟ್ಟುಬಿಡುವುದು ಇಲ್ಲೇ. ಇಷ್ಟು ದಿನ ಫಲ ಕೊಟ್ಟ ಕೆಲಸ ಒಮ್ಮೆಲೇ ಫಲ ಕೊಡದಿದ್ದರೆ ಪ್ರಾಣಿ ಬಿಡುವ ಮೊದಲು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಆ ಹೊತ್ತಿನಲ್ಲಿ ನಾವು ಸೋತು ತಲೆ ಸವರಿದರೆ, ಜೋರಾಗಿ ಹಾರಿದರೆ ಸಿಗುತ್ತದೆ ಅಂತ ಕಲಿಸಿದ ಹಾಗೆ. ನಮ್ಮ ಮನೆಗೆ ಬರುವ ಒಬ್ಬರು "ಪರವಾಗಿಲ್ಲ ಬಿಡಿ, ನನಗೆ ಇಷ್ಟ" ಅಂತ ಆಗಾಗ ಮುದ್ದು ಮಾಡುತ್ತಿದ್ದರು. ಎಂದೋ ಒಮ್ಮೆ ಸಿಗುವ ಬಹುಮಾನ ಆಸೆಯನ್ನು ಜೀವಂತ ಇಡುತ್ತದೆ. ಅವರನ್ನು ಕೂರಿಸಿಕೊಂಡು ಕೈಮುಗಿದು ಕೇಳಿಕೊಂಡೆ. ಅವರು ಒಪ್ಪಿದ ಮೇಲೆ ಎರಡು ವಾರದಲ್ಲಿ ನಿಂತಿತು.

ಬೇರೆ ನಾಯಿ ಕಂಡರೆ ಬೊಗಳಿ ಮೇಲೆರಗುವುದು ಪೂರ್ತಿ ಹೋಗಿಲ್ಲ. ಮೊದಲು ನಲವತ್ತು ಹೆಜ್ಜೆ ದೂರದಲ್ಲಿ ನಾಯಿ ಕಂಡರೂ ಸಾಕಾಗುತ್ತಿತ್ತು. ಕಂಡೂ ಬೊಗಳದೆ ಇರುವಷ್ಟು ದೂರದಲ್ಲಿ ನಿಂತು, ಆ ನಾಯಿ ಕಾಣುತ್ತಿರುವಷ್ಟು ಹೊತ್ತು ಕೋಳಿ ಚೂರು ಕೊಡುವುದು, ಮರೆಯಾದ ತಕ್ಷಣ ನಿಲ್ಲಿಸುವುದು. ಈಗ ಹದಿನೈದು ಹೆಜ್ಜೆಗೆ ಬಂದಿದ್ದೇವೆ. ಅದಕ್ಕಿಂತ ಹತ್ತಿರ ಎಳೆದೊಯ್ಯುವ ಆಸೆ ನನಗಿಲ್ಲ. ಎದುರಿಗೆ ನಾಯಿ ಬಂದರೆ ದಾರಿ ಬದಲಿಸುತ್ತೇವೆ. ಊಟದ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ಈಗಲೂ ಅವನ ಹತ್ತಿರ ಬಿಡುವುದಿಲ್ಲ, ಬಾಗಿಲು ಹಾಕಿರುತ್ತೇವೆ.

ಹೋದ ತಿಂಗಳು ಅವನಿಗೆ ಅಗಿಯಲು ಒಂದು ಹೊಸ ಆಟಿಕೆ ಕೊಟ್ಟಿದ್ದೆ. ಅದರೊಳಗೆ ತಿಂಡಿ ತುಂಬಿತ್ತು. ಅವನು ಮೂಲೆಯಲ್ಲಿ ಎರಡು ಮುಂಗಾಲಿನ ನಡುವೆ ಅದನ್ನು ಹಿಡಿದು ಮಲಗಿದ್ದ. ನಾನು ಬಿದ್ದಿದ್ದ ಟವೆಲ್ ಎತ್ತಿಕೊಳ್ಳಲು ಅವನ ಪಕ್ಕಕ್ಕೆ ಬಗ್ಗಿದೆ. ಗಂಟಲಿನೊಳಗಿಂದ ಸಣ್ಣಗೆ, ಕೇಳಿಸಿಯೂ ಕೇಳಿಸದ ಹಾಗೆ, ಗುರ್ ಅಂದ. ಒಂದೂವರೆ ವರ್ಷದಲ್ಲಿ ಮೊದಲ ಸಲ.

ನಾನು ಟವೆಲ್ ಅಲ್ಲೇ ಬಿಟ್ಟು ಮೂರು ಹೆಜ್ಜೆ ಹಿಂದೆ ಸರಿದೆ. ಕೆಂಚ ನನ್ನನ್ನು ನೋಡಿದ. ಕತ್ತು ಸಡಿಲವಾಯಿತು. ಮತ್ತೆ ಅಗಿಯತೊಡಗಿದ. ಅಡುಗೆಮನೆಗೆ ಹೋಗಿ ಕೋಳಿಯ ಡಬ್ಬಿ ತೆಗೆದೆ.