ರೆಕ್ಕೆ ಬಾಗದ ಕಾಗದದ ದೇವದೂತರು

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಕಟ್ಟುವುದು ಅಂಗಳದ ಮೂಲೆಯಲ್ಲಿ, ಪೇರಳೆ ಮರದ ಅಡಿಯಲ್ಲಿ. ಬೈಹುಲ್ಲಿನ ಮಾಡು, ತಟ್ಟೆಗಳಲ್ಲಿ ಬಿತ್ತಿ ಮೊಳೆಸಿದ ರಾಗಿಯ ಪೈರು, ಬಣ್ಣ ಮಾಸಿದ ಮಣ್ಣಿನ ಕುರಿಗಾಹಿಗಳು ಎಲ್ಲವೂ ಹಿರಿಯರ ಕಾಲದಿಂದ ಬಂದವು. ದೇವದೂತರನ್ನು ಮಾತ್ರ ಕಳೆದ 15 ವರ್ಷಗಳಿಂದ ನಾನು ಕಾಗದದಲ್ಲಿ ಮಾಡುತ್ತಿದ್ದೇನೆ. ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಮೊದಲು ಒಬ್ಬ ದೂತನು ಕುರಿಗಾಹಿಗಳಿಗೆ ಕಾಣಿಸಿಕೊಳ್ಳುತ್ತಾನೆ. ಆಮೇಲೆ ಫಕ್ಕನೆ ದೂತರ ದೊಡ್ಡ ಸಮೂಹವೇ ಅವನೊಡನೆ ಸೇರಿ ದೇವರನ್ನು ಸ್ತುತಿಸುತ್ತದೆ. ಆ ಕ್ರಮವನ್ನು ಬಿಡಬಾರದೆಂದು ನಾನು ಒಬ್ಬ ದೊಡ್ಡ ದೂತನನ್ನೂ ಅವನ ಹಿಂದೆ ಕೊಂಬೆಗಳಿಂದ ತೂಗುವ ಹನ್ನೆರಡು ಮಂದಿ ಚಿಕ್ಕವರನ್ನೂ ಮಾಡುತ್ತೇನೆ.

ಮೊದಲ ವರ್ಷ ಈ ಹನ್ನೆರಡು ಮಂದಿಯ ರೆಕ್ಕೆಗಳು ಒಂದೇ ರಾತ್ರಿಯಲ್ಲಿ ಜೋತು ಬಿದ್ದವು. ಡಿಸೆಂಬರ್ 24ರ ಸಂಜೆ ಎಲ್ಲರನ್ನೂ ತೂಗುಹಾಕಿ, ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆಗೆ ಹೋಗಿ, ಮರಳಿ ಬಂದು ದೀಪ ಹಾಕಿದಾಗ ಇಬ್ಬನಿ ಬಿದ್ದು ರೆಕ್ಕೆಗಳು ಮಳೆಯಲ್ಲಿ ತೊಯ್ದ ಕೋಳಿಯ ರೆಕ್ಕೆಗಳಂತೆ ಕೆಳಗೆ ಇಳಿದಿದ್ದವು. ಮೈ ಮಾತ್ರ ನೆಟ್ಟಗೇ ಇತ್ತು. ಒಂದೇ ಹಾಳೆಯಿಂದ ಕತ್ತರಿಸಿದ ಎರಡು ಭಾಗಗಳಲ್ಲಿ ಒಂದು ನಿಂತು ಇನ್ನೊಂದು ಬಾಗಿದ್ದೇಕೆ ಎಂಬುದು ನನಗೆ ಬಿಡಿಸಲಾರದ ಒಗಟಾಗಿತ್ತು.

ಬಿಡಿಸಿದವರು ಲೆಕ್ಕದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಹಿರಿಯರೊಬ್ಬರು. ಬಾಗಿದ ರೆಕ್ಕೆಯೊಂದನ್ನು ಅವರ ಮುಂದಿಟ್ಟಾಗ ಅವರು ಏನನ್ನೂ ಹೇಳದೆ ಪಕ್ಕದಲ್ಲಿದ್ದ ದಿನಪತ್ರಿಕೆಯನ್ನು ತೆಗೆದು ಮೇಲಿನಿಂದ ಕೆಳಕ್ಕೆ ಹರಿದರು. ಗೆರೆ ಎಳೆದಂತೆ ನೇರವಾಗಿ ಹರಿಯಿತು. ಅದನ್ನೇ ಅಡ್ಡಕ್ಕೆ ಹರಿದಾಗ ಅಂಚು ಅಂಕುಡೊಂಕಾಗಿ ಎತ್ತೆತ್ತಲೋ ಓಡಿತು. ಕಾಗದಕ್ಕೆ ಮರದಂತೆ ನಾರಿನ ದಿಕ್ಕು ಇದೆಯೆಂದು ನನಗೆ ತಿಳಿದದ್ದು ಆಗ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ಕದಡಿದ ತಿರುಳು ಓಡುತ್ತಿರುವ ಜಾಲರಿಯ ಮೇಲೆ ಬೀಳುವುದರಿಂದ ನಾರುಗಳು ಹೆಚ್ಚಾಗಿ ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನಾರಿನ ಉದ್ದಕ್ಕೆ ಕಾಗದ ಬಿರುಸಾಗಿ ನಿಲ್ಲುತ್ತದೆ, ಅಡ್ಡಕ್ಕೆ ಸುಲಭವಾಗಿ ಬಾಗುತ್ತದೆ. ಅಲ್ಲದೆ ತೇವ ಹೀರಿದ ನಾರು ದಪ್ಪದಲ್ಲಿ ಉಬ್ಬುತ್ತದೆಯೇ ಹೊರತು ಉದ್ದದಲ್ಲಿ ಹೆಚ್ಚು ಬೆಳೆಯುವುದಿಲ್ಲ. ಆದ್ದರಿಂದ ಇಬ್ಬನಿಯ ಪೆಟ್ಟು ಕೂಡ ಅಡ್ಡ ದಿಕ್ಕಿನ ಮೇಲೆಯೇ ಬೀಳುತ್ತದೆ.

ನನ್ನ ತಪ್ಪು ಉಳಿತಾಯದಲ್ಲಿತ್ತು. ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ ಇರುತ್ತದೆ. ಅದರಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತವೊಂದನ್ನು ಬರೆದು ಎರಡು ಹೋಳು ಮಾಡಿದರೆ ಇಬ್ಬರು ದೂತರ ಮೈಗೆ ಸಾಕಾಗುತ್ತದೆ, ಉಳಿದ 9.7 ಸೆಂ.ಮೀ. ಅಗಲದ ಪಟ್ಟಿಯಲ್ಲಿ, ಅದರ 21 ಸೆಂ.ಮೀ. ಉದ್ದಕ್ಕೆ, ಎರಡು ಜೊತೆ ರೆಕ್ಕೆಗಳು ಸರಿಯಾಗಿ ಕೂರುತ್ತವೆ. ಚೂರೂ ಹಾಳಾಗಲಿಲ್ಲವೆಂದು ನಾನು ಹಿಗ್ಗಿದ್ದೆ. ಆದರೆ ನಾನು ತಂದಿದ್ದ ಹಾಳೆಗಳಲ್ಲಿ ನಾರು 29.7ರ ದಿಕ್ಕಿಗೆ ಓಡುತ್ತಿತ್ತು, ಅಂದರೆ ಚಾಚಿದ ರೆಕ್ಕೆಗೆ ನಾರು ಪೂರ್ತಿ ಅಡ್ಡವಾಗಿತ್ತು. ಈಗ ಆ ಪಟ್ಟಿಯಲ್ಲಿ ತೋಳು ಮತ್ತು ಪ್ರಭಾವಳಿಗಳನ್ನಷ್ಟೇ ಕತ್ತರಿಸುತ್ತೇನೆ. ರೆಕ್ಕೆಗೆ ಬೇರೆ ಹಾಳೆ ಇಟ್ಟು, 14 ಸೆಂ.ಮೀ. ಚಾಚುವ ಜೊತೆಗಳನ್ನು ಹಾಳೆಯ ಉದ್ದಕ್ಕೆ ಬರೆದುಕೊಳ್ಳುತ್ತೇನೆ, 7 ಸೆಂ.ಮೀ. ಎತ್ತರದ ಮೂರು ಸಾಲುಗಳಲ್ಲಿ ಎರಡೆರಡರಂತೆ ಒಂದು ಹಾಳೆಗೆ ಆರು ಜೊತೆ ಸಿಗುತ್ತವೆ. ಹನ್ನೆರಡು ಮಂದಿಗೆ ಎರಡೇ ಹಾಳೆ ಹೆಚ್ಚು ಖರ್ಚು.

ದಿಕ್ಕನ್ನು ಊಹಿಸಬಾರದು, ಪರೀಕ್ಷಿಸಬೇಕು. ಹಾಳೆಯ ಮೂಲೆಯಿಂದ ಎರಡು ಬೆರಳಗಲದ ಚೌಕವೊಂದನ್ನು ಕತ್ತರಿಸಿ, ಉದ್ದ ಯಾವುದೆಂದು ಪೆನ್ಸಿಲ್‌ನಿಂದ ಗುರುತು ಹಾಕಿ, ಒಂದೇ ಮಗ್ಗುಲನ್ನು ಒದ್ದೆ ಬೆರಳಿನಿಂದ ಸವರಿದರೆ ಕ್ಷಣಾರ್ಧದಲ್ಲಿ ಅದು ಚಾಪೆಯಂತೆ ಸುರುಳಿಕೊಳ್ಳುತ್ತದೆ. ಆ ಸುರುಳಿಯ ಕೊಳವೆ ಯಾವ ಕಡೆಗೆ ಮಲಗಿದೆಯೋ ನಾರು ಅದೇ ಕಡೆಗೆ ಇದೆ. ಕಂಡುಕೊಂಡ ಮೇಲೆ ಪ್ರತಿ ಹಾಳೆಯ ಹಿಂಬದಿಯಲ್ಲಿ ಒಂದು ಬಾಣದ ಗುರುತು ಬರೆದಿಡುತ್ತೇನೆ.

ಅರ್ಧವೃತ್ತವನ್ನು ಶಂಕುವಾಗಿ ಸುತ್ತಿ ಮಾಡುವ ಮೈಗೂ ಈ ಮಾತು ಅನ್ವಯಿಸುತ್ತದೆ. ವೃತ್ತವನ್ನು ಹೋಳು ಮಾಡುವಾಗ ನಾರಿಗೆ ಅಡ್ಡವಾಗಿ ಕತ್ತರಿಸಿದರೆ, ನಾರು ಶಂಕುವಿನ ತುದಿಯಿಂದ ನಿಲುವಂಗಿಯ ಮುಂಭಾಗದಲ್ಲಿ ನೇರ ಕೆಳಕ್ಕೆ ಇಳಿಯುತ್ತದೆ, ಸುತ್ತುವಾಗ ಹಾಳೆ ಕೈಗೆ ಒಗ್ಗುತ್ತದೆ. ಇಲ್ಲವಾದರೆ ಎದೆಯ ಬಳಿ ಮುರುಕಿನ ಗೆರೆಯೊಂದು ಏಳುತ್ತದೆ. ಒಮ್ಮೆ ಎದ್ದ ಗೆರೆಯನ್ನು ಮತ್ತೆ ಅಳಿಸಲಾಗದು. ಅರ್ಧವೃತ್ತದಿಂದ ಸುತ್ತಿದ ಶಂಕುವಿನ ಬುಡದ ವ್ಯಾಸವು ಅದರ ಓರೆ ಎತ್ತರಕ್ಕೆ ಸಮನಾಗುವುದರಿಂದ ಆಕೃತಿ ತಾನಾಗಿಯೇ ಹದವಾಗಿ ಬರುತ್ತದೆ; ಅಂಟಿಗೆಂದು ಅರ್ಧ ಸೆಂಟಿಮೀಟರ್ ಮೇಲುಹೊದಿಕೆ ಬಿಟ್ಟರೆ ಸಾಕು. ದೊಡ್ಡ ದೂತನಿಗೆ ಎ3 ಹಾಳೆಯಲ್ಲಿ 20 ಸೆಂ.ಮೀ. ತ್ರಿಜ್ಯದ ಅರ್ಧವೃತ್ತವನ್ನು ತೆಗೆಯುತ್ತೇನೆ.

ಹಾಳೆ 200 ಜಿಎಸ್‌ಎಂ ಇರಲಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆಂಬ ಲೆಕ್ಕವೇ ಜಿಎಸ್‌ಎಂ. ಬಿಡಿ ಹಾಳೆಗಳ ಮೇಲೆ ಇದನ್ನು ಬರೆದಿರುವುದಿಲ್ಲ, ಆದರೆ ಹದಿನಾರು ಎ4 ಹಾಳೆಗಳು ಸೇರಿದರೆ ಒಂದು ಚದರ ಮೀಟರ್ ಆಗುವುದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ಹದಿನಾರನ್ನು ಇಟ್ಟರೆ ತೂಗಿದ ಗ್ರಾಂ ಎಷ್ಟೋ ಅದೇ ಅದರ ಜಿಎಸ್‌ಎಂ. ಬೆಳಕು ಚೆನ್ನಾಗಿ ಹಾಯುತ್ತದೆಂದು ಒಂದು ವರ್ಷ ಟ್ರೇಸಿಂಗ್ ಪೇಪರಿನ ರೆಕ್ಕೆ ಮಾಡಿದ್ದೆ. ನಮ್ಮ ಕರಾವಳಿಯ ಗಾಳಿಗೆ ಅದು ಹಪ್ಪಳದಂತೆ ಅಲೆಅಲೆಯಾಯಿತು. ಕೈಕಾಗದದಲ್ಲಿ ನಾರು ಎಲ್ಲ ದಿಕ್ಕಿಗೂ ಹರಡಿರುವುದರಿಂದ ದಿಕ್ಕಿನ ಚಿಂತೆ ಇಲ್ಲ, ಆದರೆ ಅದರ ಅಂಚು ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಅದನ್ನು ಕೂದಲಿಗೆ ಮಾತ್ರ ಬಳಸುತ್ತೇನೆ.

ರೆಕ್ಕೆಯ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನಡುನರವನ್ನು ಎಬ್ಬಿಸುವುದು. ಮಸಿ ಮುಗಿದ ಬಾಲ್‌ಪೆನ್ನಿನಿಂದ, ಹಾಳೆಯ ಅಡಿಗೆ ಹಳೆಯ ಪತ್ರಿಕೆಯ ನಾಲ್ಕೈದು ಪದರ ಹಾಸಿ, ಭುಜದಿಂದ ತುದಿಯವರೆಗೆ ಮೆಲ್ಲನೆ ಬಾಗಿದ ಒಂದು ಗೆರೆಯನ್ನು ಒತ್ತಿ ಎಳೆಯುತ್ತೇನೆ. ಬಳಿಕ ಹೆಬ್ಬೆರಳು ಕೆಳಗೆ, ತೋರುಬೆರಳು ಮೇಲೆ ಇರುವಂತೆ ಹಿಡಿದು ಗೆರೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಚಿವುಟುತ್ತಾ ಹೋದರೆ, ಚಪ್ಪಟೆಯಾಗಿದ್ದ ಹಾಳೆ ಮಾವಿನ ಎಲೆಯ ಹಾಗೆ ನಡುವಿನಲ್ಲಿ ಏರಿ ಎರಡು ಕಡೆ ಇಳಿಯುತ್ತದೆ. ಈ ಒಂದು ಏರು ರೆಕ್ಕೆಗೆ ಕೊಡುವ ಬಲವನ್ನು ಎರಡು ಪದರ ಕಾಗದವೂ ಕೊಡಲಾರದು. ಆಮೇಲೆ ಅಂಚಿನಲ್ಲಿ ಕತ್ತರಿಯಿಂದ ಗರಿಗಳನ್ನು ಸೀಳಿ, ಒಂದನ್ನು ಬಿಟ್ಟು ಒಂದನ್ನು ಪೆನ್ಸಿಲಿಗೆ ಸುತ್ತಿ ಬಿಡುತ್ತೇನೆ.

ಅಮ್ಮ ಮೈದಾ ಗಂಜಿಯನ್ನು ಅಂಟಾಗಿ ಬಳಸುತ್ತಿದ್ದರು. ಹುಳು ಹಿಡಿಯದಿರಲೆಂದು ಅಡಿಕೆ ತೋಟಕ್ಕೆ ತಂದ ಮೈಲುತುತ್ತವನ್ನು ಚಿಟಿಕೆಯಷ್ಟು ಬೆರೆಸುತ್ತಿದ್ದರು. ಅದು ವಿಷ, ಮಕ್ಕಳು ಕೂತು ಅಂಟಿಸುವಲ್ಲಿ ನಾನು ಅದನ್ನು ತರುವುದಿಲ್ಲ. ಮೇಲಾಗಿ ಗಂಜಿಯಲ್ಲಿ ನೀರು ಹೆಚ್ಚು, ಹಾಳೆ ಉಬ್ಬುತ್ತದೆ. ಫೆವಿಕಾಲನ್ನು ಹಲ್ಲುಕಡ್ಡಿಯ ತುದಿಯಿಂದ ತೆಳ್ಳಗೆ ಎಳೆದು ಒಂದು ನಿಮಿಷ ಒತ್ತಿ ಹಿಡಿದರೆ ಸಾಕು. ಇನ್ನೊಂದು ಎಚ್ಚರ ನಮ್ಮ ಕಡೆಯ ಮನೆಗಳಿಗೇ ಮೀಸಲು: ಡಿಸೆಂಬರ್ ನಡುವಿನಲ್ಲಿ ಒಳಗೆ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ತಯಾರಿ ನಡೆದಿರುತ್ತದೆ, ಕರಿಗಡುಬಿನಂಥ ನೆವ್ರಿಯನ್ನು ಮಡಚಿ ಬಂದ ಬೆರಳು ಬಿಳಿ ಹಾಳೆಯನ್ನು ಮುಟ್ಟಿದರೆ ಜಿಡ್ಡಿನ ಕಲೆ ದೀಪದ ಬೆಳಕಿನಲ್ಲಿ ಕಿಟಕಿಯಂತೆ ಕಾಣುತ್ತದೆ. ಆದ್ದರಿಂದ ಕುಸ್ವಾರ್ ಶುರುವಾಗುವ ಮೊದಲೇ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲದ ಮೊದಲ ವಾರದಲ್ಲಿ, ಈ ಕೆಲಸವನ್ನು ಮುಗಿಸಿಬಿಡುತ್ತೇನೆ.

ತಲೆಗೆ ಟಿಶ್ಯೂ ಕಾಗದದ ಬಿಗಿಯಾದ ಉಂಡೆ. ಮುಖಕ್ಕೆ ಕಣ್ಣು, ಬಾಯಿ ಬರೆಯುವುದಿಲ್ಲ. ತಲೆಯನ್ನು ಕೊಟ್ಟಿಗೆಯ ಕಡೆಗೆ ಕೊಂಚ ಬಾಗಿಸಿ ಅಂಟಿಸಿದರೆ ದೂತನು ಶಿಶುವನ್ನು ನೋಡುತ್ತಿದ್ದಾನೆಂದು ನೋಡುವವರಿಗೆ ತಿಳಿಯುತ್ತದೆ, ಬರೆದ ಮುಖ ಅಷ್ಟನ್ನು ಹೇಳಲಾರದು. ಮಿನುಗು ಪುಡಿಯೂ ಬೇಡ. ಕಾಗದದ ಬಿಳುಪಿಗೆ ಶಂಕುವಿನ ಒಳಗೆ ಇಟ್ಟ ಪುಟ್ಟ ಎಲ್‌ಇಡಿ ದೀಪವೇ ಸಾಕು. ಮೇಣದಬತ್ತಿಯನ್ನಂತೂ ಹತ್ತಿರಕ್ಕೂ ತರಬಾರದು.

ರೆಕ್ಕೆಯನ್ನು ಬೆನ್ನಿಗೆ ಅಂಟಿಸುವುದಿಲ್ಲ. ಬೆನ್ನಿನಲ್ಲಿ 3 ಸೆಂ.ಮೀ. ಉದ್ದದ ಸೀಳು ಬಿಟ್ಟು, ರೆಕ್ಕೆಯ ನಡುವಿನ ನಾಲಿಗೆಯನ್ನು ಅದರೊಳಗೆ ತೂರಿಸುತ್ತೇನೆ. ಜನವರಿ 6ರ ಮೂರು ರಾಯರ ಹಬ್ಬ ಕಳೆದು ಗೋದಲಿ ಬಿಚ್ಚುವಾಗ ರೆಕ್ಕೆಗಳನ್ನು ಹೊರಕ್ಕೆ ಎಳೆದು, ಒಂದು ಮಧ್ಯಾಹ್ನ ನೆರಳಿನಲ್ಲಿ ಆರಿಸಿ, ಒಂದರ ಮೇಲೊಂದು ಜೋಡಿಸಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡುತ್ತೇನೆ. ಶಂಕುಗಳನ್ನು ಲೋಟಗಳಂತೆ ಒಂದರೊಳಗೊಂದು ಇಡಬಹುದು. ಮಳೆಗಾಲದಲ್ಲಿ ಎಷ್ಟು ಕಾಪಾಡಿದರೂ ಮೂರು ನಾಲ್ಕು ಮೈಗಳಿಗೆ ಬೂಸ್ಟು ಹಿಡಿಯುತ್ತದೆ, ಅವನ್ನು ಪ್ರತಿ ವರ್ಷ ಹೊಸದಾಗಿ ಸುತ್ತಬೇಕು. ರೆಕ್ಕೆಗಳಲ್ಲಿ ಐದು ಜೊತೆ ಮಾತ್ರ ಎರಡನೆಯ ವರ್ಷ ಕತ್ತರಿಸಿದವೇ ಇನ್ನೂ ಇವೆ. ಹಿಂದೆ ತಿರುವಿದರೆ ಭುಜದಿಂದ ತುದಿಯ ಕಡೆಗೆ ಬರೆದ ಆ ಪೆನ್ಸಿಲ್ ಬಾಣ ಈಗಲೂ ಕಾಣುತ್ತದೆ.