ಮರಳಿಗೆ ಇಳಿಯುವ ಮುಂಚೆ ಗಾಳಿ ಇಳಿಸಿ: ಯುಎಇಗೆ ಹೊಸದಾಗಿ ಬಂದವರಿಗೆ

ಇಲ್ಲಿನ ಲೈಸೆನ್ಸ್ ಸಿಕ್ಕಿ, ಒಂದು ಫೋರ್ ವೀಲ್ ಡ್ರೈವ್ ಗಾಡಿ ಕೈಗೆ ಬಂದರೆ ಮುಗೀತು, ನಮ್ಮವರಿಗೆ ಮರುಭೂಮಿಯ ಹುಚ್ಚು ಹಿಡಿಯುತ್ತದೆ. ಹತ್ತಾ ರಸ್ತೆಯಲ್ಲಿ ಅಲ್ ಬದಾಯರ್ ಹತ್ತಿರ ಬಿಗ್ ರೆಡ್ ಎನ್ನುವ ಆ ಕೆಂಪು ದಿಬ್ಬ ಕಂಡ ಮೇಲೆ ಯಾರೂ ಸುಮ್ನೆ ಮುಂದೆ ಹೋಗುವುದಿಲ್ಲ. ಹೋಗಬೇಡಿ ಎಂದು ನಾನು ಹೇಳುವುದೂ ಇಲ್ಲ. ಆದರೆ ಟಾರು ಮುಗಿಯುವ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಇಳಿಸಿ, ಆಮೇಲೆ ಮರಳಿಗೆ ಇಳಿಯಿರಿ. ಹೂತುಕೊಂಡರೆ ನೋಡೋಣ ಎನ್ನುವವರೇ ಇಲ್ಲಿ ಜಾಸ್ತಿ. ಹೂತ ಮೇಲೆ ಮೊದಲು ಟೈರನ್ನೇ ಅಗೆದು ತೆಗೆಯಬೇಕು, ವಾಲ್ವ್ ಹುಡುಕುವುದು ಆಮೇಲಿನ ಮಾತು.

ಊರಲ್ಲಿ ಯಾರಾದರೂ ನಮ್ಮ ಗಾಡಿಯ ಗಾಳಿ ಬಿಟ್ಟರೆ ಜಗಳಕ್ಕೆ ಹೋಗುತ್ತೇವೆ. ಗಾಳಿ ಕಮ್ಮಿ ಇದ್ದರೆ ಟೈರ್ ಹಾಳು, ರಿಮ್ ಬೆಂಡ್, ಪೆಟ್ರೋಲ್ ದಂಡ ಎಂದು ಕೇಳಿಕೊಂಡೇ ಡ್ರೈವಿಂಗ್ ಕಲಿತವರು ನಾವು. ಆ ಮಾತು ರಸ್ತೆಗೆ ಸರಿ. ಸಕಲೇಶಪುರದ ಕಡೆ ಕೆಸರಲ್ಲಿ ಜೀಪ್ ಓಡಿಸಿದವರಿಗೆ ಇನ್ನೊಂದು ಅಭ್ಯಾಸ ಇರುತ್ತದೆ: ಚಕ್ರ ಜಾರಿದರೆ ಆಕ್ಸಿಲರೇಟರ್ ಒತ್ತುವುದು. ಕೆಸರಲ್ಲಿ ಟೈರ್ ಜೋರಾಗಿ ತಿರುಗಿದರೆ ಹಲ್ಲಿಗೆ ಮೆತ್ತಿದ ಮಣ್ಣು ಸಿಡಿದು ಹೋಗಿ ಮತ್ತೆ ಹಿಡಿತ ಸಿಗಬಹುದು. ಒಣ ಮರಳಲ್ಲಿ ಹಾಗೆ ತಿರುಗಿದ ಟೈರ್ ಗುಂಡಿ ತೋಡುತ್ತದೆ, ಅಷ್ಟೇ. ದೊಡ್ಡ ಹಲ್ಲಿನ ಮಡ್ ಟೈರ್ ಆದರೆ ಇನ್ನೂ ಬೇಗ ತೋಡುತ್ತದೆ. ಅದಕ್ಕೇ ಟೈರಿಗೆ ದುಡ್ಡು ಸುರಿಯುವ ಮೊದಲು ಗಾಳಿ ಅಳೆಯುವ ಒಳ್ಳೆಯ ಗೇಜ್ ಒಂದು ತೆಗೆದುಕೊಳ್ಳಿ.

ಗಾಳಿ ಇಳಿಸಿದರೆ ಏನಾಗುತ್ತದೆ? ಟೈರ್ ನೆಲವನ್ನು ಒತ್ತುವ ಒತ್ತಡ ಹೆಚ್ಚುಕಮ್ಮಿ ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಎರಡು ಟನ್ನಿನ ಗಾಡಿ ಎಂದುಕೊಳ್ಳಿ, ಒಂದೊಂದು ಚಕ್ರದ ಮೇಲೆ 500 ಕೆಜಿ. 35 ಪಿಎಸ್‌ಐ (ಟೈರ್ ಗಾಳಿಯ ಒತ್ತಡ ಅಳೆಯುವ ಮಾನ) ಇದ್ದದ್ದನ್ನು 15ಕ್ಕೆ ತಂದರೆ, ಅಷ್ಟೇ ಭಾರ ಹೊರಲು ಟೈರ್ ಲೆಕ್ಕದಲ್ಲಿ ಎರಡು ಪಟ್ಟಿಗೂ ಮಿಕ್ಕಿ ಜಾಗ ಹಿಡಿಯಬೇಕು. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ನಿಜದಲ್ಲಿ ಅಷ್ಟು ಆಗದು, ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಟೈರ್ ಅಗಲಕ್ಕೆ ಹರಡುತ್ತದೆ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಜಾಸ್ತಿ ಬೆಳೆಯುವುದು ಉದ್ದಕ್ಕೆ. ಹಿಟಾಚಿಯ ಚೈನ್ ನೆಲದ ಮೇಲೆ ಉದ್ದಕ್ಕೆ ಮಲಗಿಕೊಂಡು ಹೋಗುತ್ತದಲ್ಲ, ಹಾಗೆ. ಟೈರ್ ಮರಳಿನೊಳಗೆ ಇಳಿಯದೆ ಮೇಲೇ ಉಳಿಯುತ್ತದೆ, ಎಂಜಿನ್ ಕೂಡ ಸುಸ್ತಾಗುವುದಿಲ್ಲ.

ಎಷ್ಟಕ್ಕೆ ಇಳಿಸಬೇಕು ಎನ್ನುವುದು ಗಾಡಿ ಮೇಲೆ ಹೋಗುತ್ತದೆ. ಪ್ರಾಡೊ, ಪಜೆರೊ, ನಿಸಾನ್ ಪ್ಯಾಟ್ರೋಲ್ ತರಹದ ಗಾಡಿಗೆ 15ರಿಂದ ಶುರು ಮಾಡಿ. ಸಾಮಾನು, ಜನ ತುಂಬಿದ್ದರೆ 17, 18. ಜಿಮ್ನಿಯಂಥ ಹಗುರ ಗಾಡಿಗೆ 12–13 ಕೂಡ ನಡೆಯುತ್ತದೆ. 20 ಇಂಚಿನ ರಿಮ್ ಮೇಲೆ ಪಟ್ಟಿಯಂಥ ತೆಳು ಟೈರ್ ಇರುವ ಕ್ರಾಸ್‌ಓವರ್‌ಗಳನ್ನು ದಿಬ್ಬಗಳ ಕಡೆ ತರಲೇಬೇಡಿ. ಅಷ್ಟು ತೆಳು ಟೈರಿನಲ್ಲಿ ಗಾಳಿ ಇಳಿಸಲು ಜಾಗವೇ ಇಲ್ಲ, ರಿಮ್ ನೆಲಕ್ಕೆ ಬಡಿಯುತ್ತದೆ. ಕೆಲವು ಗೇಜ್ ಬಾರ್ ಎನ್ನುವ ಇನ್ನೊಂದು ಮಾನದಲ್ಲಿ ತೋರಿಸುತ್ತವೆ. 15 ಪಿಎಸ್‌ಐ ಅಂದರೆ ಸುಮಾರು 1 ಬಾರ್, 35 ಅಂದರೆ 2.4.

ಇಳಿಸುವ ಕೆಲಸ ನೋಡಿ. ಗಾಡಿ ಗಟ್ಟಿ ನೆಲದ ಮೇಲಿರಲಿ. ವಾಲ್ವ್ ಕ್ಯಾಪ್ ನಾಲ್ಕನ್ನೂ ಬಿಚ್ಚಿ ಒಂದೇ ಕಡೆ ಇಡಿ, ಕಪ್ ಹೋಲ್ಡರ್ ಒಳ್ಳೆಯ ಜಾಗ. ಗಾಳಿ ಇಳಿಸುವ ಸಾಧನ ಡಿಫ್ಲೇಟರ್ ಇಲ್ಲದಿದ್ದರೆ ಕೀ ತುದಿಯಿಂದ ವಾಲ್ವ್ ನಡುವಿನ ಪಿನ್ ಒತ್ತಿ ಹಿಡಿದರೂ ಆಯಿತು. ಹೆಬ್ಬೆರಳು ನೋಯುತ್ತದೆ, ಹೊತ್ತೂ ಹಿಡಿಯುತ್ತದೆ, ಆದರೆ ಕೆಲಸ ಆಗುತ್ತದೆ. ವಾಲ್ವ್ ಒಳಗಿನ ಕೋರನ್ನೇ ಬಿಚ್ಚುವ ಡಿಫ್ಲೇಟರ್ ಬರುತ್ತದೆ, ತುಂಬಾ ಬೇಗ ಇಳಿಸುತ್ತದೆ. ಅದನ್ನು ಬಳಸುವವರು ಕೋರ್ ಕೈತಪ್ಪದ ಹಾಗೆ ನೋಡಿಕೊಳ್ಳಿ. ಮರಳಿಗೆ ಬಿದ್ದ ಕೋರ್ ಸಿಕ್ಕುವುದಿಲ್ಲ, ಒಂದೆರಡು ಹೆಚ್ಚುವರಿ ಇಟ್ಟುಕೊಳ್ಳುವುದು ಒಳ್ಳೆಯದು. ನಡುನಡುವೆ ನಿಲ್ಲಿಸಿ ಅಳೆಯಿರಿ. 20ರ ಆಸುಪಾಸಿಗೆ ಬಂದಾಗ ಟೈರಿನ ಬುಡ ಪಕ್ಕಕ್ಕೆ ಸ್ವಲ್ಪ ಉಬ್ಬುತ್ತದೆ, 15ಕ್ಕೆ ಆ ಉಬ್ಬು ಚೆನ್ನಾಗಿ ಎದ್ದು ಕಾಣುತ್ತದೆ. ಹೊಸಬರು ಇಲ್ಲೇ ಹೆದರಿ ನಿಲ್ಲಿಸಿಬಿಡುತ್ತಾರೆ. ಹೆದರಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿ ಕಮ್ಮಿ ಎನ್ನುವ ಹಳದಿ ದೀಪ ಹತ್ತಿದರೂ ತಲೆ ಕೆಡಿಸಿಕೊಳ್ಳಬೇಡಿ, ಅದು ಹತ್ತಲೇಬೇಕು.

ಒಂದು ವಿಷಯ ಯಾರೂ ಹೇಳುವುದಿಲ್ಲ. ಹೆದ್ದಾರಿಯಲ್ಲಿ ಓಡಿ ಬಂದ ಟೈರ್ ಬಿಸಿ ಇರುತ್ತದೆ, ಗೇಜ್ ಜಾಸ್ತಿ ತೋರಿಸುತ್ತದೆ. ಮರಳಲ್ಲಿ ಓಡುವಾಗಲೂ ಟೈರ್ ಬಿಸಿಯಾಗಿ 15 ಇದ್ದದ್ದು 17, 18 ಆಗಬಹುದು. ಬೆಳಿಗ್ಗೆ ಸಲೀಸಾಗಿ ಹತ್ತಿದ ಗಾಡಿ ಹತ್ತು ಗಂಟೆ ದಾಟಿದ ಮೇಲೆ ತಿಣುಕುವುದಕ್ಕೆ ಇದೂ ಒಂದು ಕಾರಣ. ಬಿಸಿಲೇರಿದ ಹಾಗೆ ಮರಳು ಒಣಗಿ ಸಡಿಲವಾಗುವುದು ಇನ್ನೊಂದು. ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಅಳೆದು ಸರಿ ಮಾಡಿಕೊಳ್ಳಿ.

ಗಾಳಿ ಕಮ್ಮಿ ಇರುವ ಟೈರಿಗೆ ಅದರದೇ ಕಟ್ಟುಪಾಡು ಇದೆ. ಟೈರನ್ನು ರಿಮ್ಮಿಗೆ ಕಚ್ಚಿ ಹಿಡಿಸಿರುವುದೇ ಒಳಗಿನ ಗಾಳಿ. ವೇಗದಲ್ಲಿ ಸ್ಟೀರಿಂಗ್ ಎಳೆದು ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಇಲ್ಲಿಯವರು ಪಾಪ್‌ಔಟ್ ಎನ್ನುತ್ತಾರೆ. ದಿಬ್ಬದ ಅಡ್ಡ ಇಳಿಜಾರಿನಲ್ಲಿ ಹಾಗಾದರೆ ಗಾಡಿ ಉರುಳುವ ಅಪಾಯವೂ ಇದೆ. ತಿರುವು ದೊಡ್ಡದಾಗಿರಲಿ. ಬ್ರೇಕನ್ನು ಆದಷ್ಟು ಮರೆತುಬಿಡಿ, ಒತ್ತಿದರೆ ಟೈರಿನ ಮುಂದೆ ಮರಳು ಗುಡ್ಡೆ ಬೀಳುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಮರಳೇ ಗಾಡಿ ನಿಲ್ಲಿಸುತ್ತದೆ. ನಿಲ್ಲುವಾಗ ಮೂತಿ ಇಳಿಜಾರಿನ ಕಡೆ ಇರಲಿ. ಚಕ್ರ ಜಾರದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ದಿಬ್ಬದ ನಡುವೆ ಎಂಜಿನ್ ಶಕ್ತಿ ತಾನಾಗಿ ಕಡಿಮೆಯಾಗುತ್ತದೆ.

ಕಲ್ಲು ನೆಲದ ಮೇಲೆ ನಿಧಾನ. ಉಬ್ಬಿದ ಪಕ್ಕಕ್ಕೆ ಚೂಪು ಕಲ್ಲು ತಾಗಿದರೆ ಪಂಚರ್ ಹಾಕಲೂ ಆಗುವುದಿಲ್ಲ. ಘಾಫ್ ಮರಗಳಿಂದಲೂ ದೂರ ಇರಿ. ದಸರೆಯಲ್ಲಿ ನಾವು ಪೂಜೆ ಮಾಡುವ ಬನ್ನಿಯೇ ಅದು, 2008ರಿಂದ ಈ ದೇಶದ ರಾಷ್ಟ್ರೀಯ ಮರ. ಮುಳ್ಳೂ ಇದೆ, ಕಾನೂನೂ ಇದೆ. ಸಬ್ಖಾ ಎನ್ನುವ ಉಪ್ಪು ನೆಲಕ್ಕಂತೂ ಹೋಗಲೇಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕೆಸರು, ಅಲ್ಲಿ ಗಾಳಿ ಇಳಿಸಿದರೂ ಉಪಯೋಗವಿಲ್ಲ.

ಇಷ್ಟಾದರೂ ಗಾಡಿ ಹೂತಿತು ಅನ್ನಿ. ಚಕ್ರ ಸುಮ್ಮನೆ ತಿರುಗತೊಡಗಿದ ಕ್ಷಣವೇ ಕಾಲು ತೆಗೆಯಿರಿ. ಬಂದ ಜಾಡಿನಲ್ಲೇ ಮೆಲ್ಲಗೆ ರಿವರ್ಸ್ ನೋಡಿ. ಬರದಿದ್ದರೆ ಇಳಿದು, ಹೋಗಬೇಕಾದ ಕಡೆಯ ಮರಳನ್ನು ನಾಲ್ಕೂ ಚಕ್ರದ ಎದುರಿನಿಂದ ಸಲಿಕೆಯಲ್ಲಿ ತೆಗೆಯಿರಿ. ಹೊಟ್ಟೆ ಕೆಳಗೆ ಸಿಕ್ಕಿಕೊಂಡದ್ದನ್ನೂ ತೆಗೆಯಿರಿ. ಗಾಳಿಯನ್ನು ಇನ್ನೂ ಎರಡು ಮೂರು ಇಳಿಸಿ 12ಕ್ಕೆ ತನ್ನಿ. ಹೆಚ್ಚಿನ ಸಲ ಎಳೆಯುವ ಹಗ್ಗವೇ ಬೇಕಾಗುವುದಿಲ್ಲ. ಬೇಕಾದರೆ ಹಗ್ಗವನ್ನು ಗಾಡಿಯ ಚಾಸಿಯ ಕೊಕ್ಕೆಗೆ ಹಾಕಿ, ಟ್ರೇಲರ್ ಕಟ್ಟುವ ಉಂಡೆಗೆ (ಟೋ ಬಾಲ್) ಯಾವತ್ತೂ ಬೇಡ. ಅದು ಕಿತ್ತು ಹಾರಿ ಜೀವ ಹೋದದ್ದಿದೆ. ಹೊರಬಂದ ಮೇಲೆ ಆ 12ರಲ್ಲೇ ಆಟ ಮುಂದುವರಿಸಬೇಡಿ, ಮತ್ತೆ 15ಕ್ಕೆ ಏರಿಸಿ.

ಒಂಟಿ ಗಾಡಿಯಲ್ಲಿ ಹೋಗಬೇಡಿ ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ. ಅನುಭವಿಗಳ ಜೊತೆ ಒಂದಷ್ಟು ಓಡಾಡಿದ ಮೇಲೆ ಮಾತ್ರ ಅಬುಧಾಬಿಯ ದೊಡ್ಡ ದಿಬ್ಬಗಳ ಲಿವಾ ಕಡೆ ಯೋಚನೆ ಮಾಡಿ. ಬಾಡಿಗೆ ಗಾಡಿಯಾದರೆ ಕರಾರು ಓದಿ, ಸ್ವಂತದ್ದಾದರೆ ಇನ್ಶೂರೆನ್ಸ್‌ನಲ್ಲಿ ಆಫ್‌ರೋಡ್ ಸೇರಿದೆಯಾ ನೋಡಿ. ತುರ್ತಿಗೆ ಪೊಲೀಸ್ 999.

ವಾಪಸ್ ಬರುವಾಗ ರಸ್ತೆ ಸಿಕ್ಕಿತೆಂದು ಹಾಗೇ ಹೆದ್ದಾರಿ ಹತ್ತಬೇಡಿ. 15ರಲ್ಲಿ 100ರ ವೇಗಕ್ಕೆ ಹೋದರೆ ಟೈರ್ ಮಡಚಿ ಮಡಚಿ ಕಾದು ಒಡೆಯುತ್ತದೆ. ಕಂಪ್ರೆಸರ್ ಇದ್ದರೆ ಅಲ್ಲೇ ತುಂಬಿಸಿ. ದೊಡ್ಡ ಕಂಪ್ರೆಸರ್ ಆದರೆ ವೈರನ್ನು ಬ್ಯಾಟರಿಗೇ ಸಿಕ್ಕಿಸಬೇಕು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಎಂಜಿನ್ ಚಾಲೂ ಇರಲಿ. ಕಂಪ್ರೆಸರ್ ಇಲ್ಲದಿದ್ದರೆ ನಿಧಾನಕ್ಕೆ ಹತ್ತಿರದ ಪೆಟ್ರೋಲ್ ಬಂಕ್ ತನಕ ಹೋಗಿ. ಬಿಸಿ ಟೈರಿಗೆ ತುಂಬಿಸಿದ ಲೆಕ್ಕ ಸರಿ ಇರುವುದಿಲ್ಲ, ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅಳೆದು ಸರಿ ಮಾಡಿ. ಆಮೇಲೂ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟಿಗೆ ಓಡಬೇಡಿ. ರಿಮ್ಮಿನ ಒಳಬದಿಗೆ ಮರಳು ಕೂತಿರುತ್ತದೆ, ಮೊದಲು ಪೈಪಿನಲ್ಲಿ ನೀರು ಬಿಟ್ಟು ತೊಳೆದು ನೋಡಿ.