ಕೆಚ್ಚಲು ಬಾವಿಗೆ ಒಂದು ರಾತ್ರಿ ಕಾಯುವುದು: ನನ್ನ ಅನುಭವ

ಚನ್ನರಾಯಪಟ್ಟಣದ ಸುತ್ತಮುತ್ತಲ ಹಳ್ಳಿಗಳಲ್ಲಿ ಹಸು ನೋಡಲು ಶುರು ಮಾಡಿ ಹತ್ತೊಂಬತ್ತು ವರ್ಷ ಆಯಿತು. ಮೊದಲ ಹದಿನೈದು ವರ್ಷ ನಾನೂ ಪಶುವೈದ್ಯರಾದ ನಿಮ್ಮ ಹಾಗೇ ಇದ್ದೆ. ಕೆಚ್ಚಲು ಬಾವು ಅಂತ ಫೋನ್ ಬಂದರೆ ಹೋಗುವುದು, ಮೊಲೆಯೊಳಗೆ ಔಷಧಿ ಟ್ಯೂಬ್ ಏರಿಸುವುದು, ಒಂದು ಆಂಟಿಬಯಾಟಿಕ್ ಚುಚ್ಚುವುದು, ಬೈಕ್ ಹತ್ತುವುದು. ಈಗ ನಾಲ್ಕು ವರ್ಷದಿಂದ ಅದನ್ನು ಬಿಟ್ಟಿದ್ದೇನೆ. ಹಾಲಿನ ಸ್ಯಾಂಪಲ್ ಮನೆಗೆ ತಂದು ಪ್ಲೇಟ್ (ರೋಗಾಣು ಬೆಳೆಸುವ ಅಗಾರ್ ಲೋಳೆ ಇರುವ ತಟ್ಟೆ) ಹಾಕುತ್ತೇನೆ. ಮಾರನೇ ದಿನ ಏನು ಬೆಳೆದಿದೆ ಅಂತ ನೋಡಿ ಆಮೇಲೆ ಔಷಧಿ ಹೇಳುತ್ತೇನೆ.

ಇದು ಹಳ್ಳಿಯಲ್ಲಿ ನಡೆಯಲ್ಲ ಅಂದವರೇ ಜಾಸ್ತಿ. ನಾನು ತುಂಬಾ ಗೌರವಿಸುವ ಹಿರಿಯ ಡಾಕ್ಟರ್ ಒಬ್ಬರು, "ನಾಳೆ ಹೇಳ್ತೀನಿ ಅಂದ್ರೆ ರೈತ ಇವತ್ತೇ ಇನ್ನೊಬ್ಬರಿಗೆ ಫೋನ್ ಮಾಡ್ತಾನೆ ಕಣಯ್ಯ" ಅಂದಿದ್ದರು. ಮೊದಲ ವರ್ಷ ಹಾಗೇ ಆಯಿತು, ಸುಳ್ಳು ಹೇಳಲ್ಲ. ಹತ್ತು ಹನ್ನೆರಡು ಮನೆ ಕೈಬಿಟ್ಟವು. ಕಳೆದ ತಿಂಗಳು ಅದೇ ಹಿರಿಯರು ತಮ್ಮ ತಂಗಿ ಮನೆ ಹಸುವಿನ ಹಾಲನ್ನು ಐಸ್ ಡಬ್ಬಿಯಲ್ಲಿಟ್ಟು ನನಗೆ ಕಳಿಸಿದರು. ಆವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಫಾರ್ಮ್‌ನಲ್ಲೇ ಕಲ್ಚರ್ (ಹೀಗೆ ರೋಗಾಣು ಬೆಳೆಸಿ ನೋಡುವುದು) ಮಾಡುವ ಪದ್ಧತಿಯನ್ನು ಪ್ರಯೋಗ ಮಾಡಿ 2011ರಲ್ಲಿ ಪ್ರಕಟಿಸಿದ್ದರು. ಗ್ರಾಂ ಪಾಸಿಟಿವ್ ಅನ್ನುವ ಗುಂಪಿನ ರೋಗಾಣು ಬೆಳೆದ ಹಸುಗಳಿಗೆ ಮಾತ್ರ ಟ್ಯೂಬ್ ಕೊಟ್ಟರು. ಆಂಟಿಬಯಾಟಿಕ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, ಹಸು ವಾಸಿಯಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕಾರಣ ನಿಮಗೂ ಗೊತ್ತು. ಗ್ರಾಂ ನೆಗೆಟಿವ್ ಅನ್ನುವ ಇನ್ನೊಂದು ಗುಂಪಿನ ಇ. ಕೋಲಿಯಂಥ ರೋಗಾಣುವನ್ನು, ಹಾಲಲ್ಲಿ ಗಡ್ಡೆ ಕಾಣುವ ಹೊತ್ತಿಗೆ, ಎಷ್ಟೋ ಸಲ ಹಸುವಿನ ಮೈಯೇ ಕೊಂದು ಮುಗಿಸಿರುತ್ತದೆ. ಆಮೇಲೆ ನಾವು ಟ್ಯೂಬ್ ಹಾಕಿ ಹೆಸರು ತಗೊಳ್ಳುತ್ತೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಲು ಮಾತ್ರ ಕೆಟ್ಟಿದ್ದರೆ, ಅಥವಾ ಹಾಲು ಕೆಟ್ಟು ಕೆಚ್ಚಲು ಊದಿದ್ದರೆ, ಆಗ ಮಾತ್ರ ಕಾಯುತ್ತೇನೆ. ಜ್ವರ ಬಂದು, ಮೇವು ಬಿಟ್ಟು, ಕಿವಿ ತಣ್ಣಗಾಗಿ, ಎದ್ದೇಳಲು ಕಷ್ಟಪಡುವ ಹಸುವಿಗೆ ಒಂದು ಗಂಟೆಯೂ ಕಾಯಬಾರದು. ಅಲ್ಲಿ ಡ್ರಿಪ್ಪು, ಇಂಜೆಕ್ಷನ್ನು ಎಲ್ಲಾ ತಕ್ಷಣವೇ. ಕಾಯುವ ಹಸುವನ್ನೂ ಸುಮ್ನೆ ಬಿಟ್ಟು ಬರಲ್ಲ. ನೋವು, ಊತಕ್ಕೆ ಮೆಲೊಕ್ಸಿಕ್ಯಾಂ ಕೊಡುತ್ತೇನೆ, ಎರಡು ಮೂರು ಗಂಟೆಗೊಮ್ಮೆ ಆ ಮೊಲೆಯನ್ನು ಖಾಲಿ ಮಾಡಿಸುತ್ತೇನೆ.

ಈಗ ನಾನು ಎಡವಿದ ಕಡೆಗಳು.

ಪ್ಲೇಟಿಗೆ ಹಾಕುವ ಅಗಾರನ್ನು ಬೇಯಿಸಿ ಅದರಲ್ಲಿರುವ ರೋಗಾಣು ಕೊಲ್ಲುವ ಆಟೋಕ್ಲೇವ್ ಕೊಳ್ಳಲು ದುಡ್ಡಿರಲಿಲ್ಲ. ಹನ್ನೆರಡು ಲೀಟರ್ ಪ್ರೆಶರ್ ಕುಕ್ಕರ್ ತಂದೆ. ಪುಸ್ತಕದಲ್ಲಿ ಇದ್ದಂತೆ 15 ನಿಮಿಷ ಬೇಯಿಸಿದೆ. ಏನೂ ಹಚ್ಚದ ಪ್ಲೇಟಿನಲ್ಲೇ ಮೂರನೇ ದಿನ ಏನೇನೋ ಬೆಳೆಯಿತು. ಒಂದು ತಿಂಗಳು ಹೀಗೇ ಹೋಯಿತು. ಆಮೇಲೆ ಹೊಳೆಯಿತು: ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಮೇಲೆ. ಕುಕ್ಕರ್ ಒತ್ತಡ ಅಷ್ಟೇ ಇದ್ದರೂ ಒಳಗಿನ ಬಿಸಿ 121 ಡಿಗ್ರಿ ಮುಟ್ಟುವುದಿಲ್ಲ, ಒಂದೆರಡು ಡಿಗ್ರಿ ಕಮ್ಮಿ ಇರುತ್ತದೆ. ಮೊದಲು ಒಳಗಿನ ಗಾಳಿಯೆಲ್ಲ ಹಬೆಯ ಜೊತೆ ಹೊರಗೆ ಹೋಗಲು ಬಿಟ್ಟು, ಆಮೇಲೆ ವೆಯ್ಟ್ ಕೂರಿಸಿ ಅರ್ಧ ಗಂಟೆ ಕೊಟ್ಟೆ. ಅಲ್ಲಿಗೆ ಆ ಕಾಟ ನಿಂತಿತು.

ಎರಡನೆಯದು ರಕ್ತ. ಬ್ಲಡ್ ಅಗಾರ್‌ಗೆ ಕುರಿ ರಕ್ತ ಬೇಕು. ಅರಸೀಕೆರೆ ಕಡೆಯಿಂದ ಕುರಿ ಹಿಂಡು ತರುವ ಒಬ್ಬರ ಪರಿಚಯ ಇತ್ತು. ಅವರ ಟಗರಿನ ಕತ್ತಿನಿಂದ ನೂರು ಎಂಎಲ್ ತೆಗೆದು, ಗಾಜಿನ ಮಣಿ ಹಾಕಿದ ಬಾಟಲಿಯಲ್ಲಿ ಹತ್ತು ನಿಮಿಷ ಅಲುಗಾಡಿಸುತ್ತೇನೆ. ರಕ್ತ ಸುಲಭವಾಗಿ ಸಿಕ್ಕಿತು, ಬೆರೆಸುವುದರಲ್ಲಿ ಸೋತೆ. ಅಗಾರ್ ಬಿಸಿ ಇರುವಾಗಲೇ ಸುರಿದೆ. ಕಣ್ಣೆದುರೇ ಕೆಂಪು ಹೋಗಿ ಚಾಕೊಲೇಟ್ ಬಣ್ಣ ಆಯಿತು. ಒಂದೇ ಸಂಜೆ ನಲವತ್ತು ಪ್ಲೇಟ್ ತಿಪ್ಪೆಗೆ. ಈಗ ಫ್ಲಾಸ್ಕನ್ನು ಮುಂಗೈಗೆ ತಾಗಿಸಿ ನೋಡುತ್ತೇನೆ. ಸುಡಬಾರದು, ಆದರೆ ಜಾಸ್ತಿ ಹೊತ್ತು ಹಿಡಿದುಕೊಳ್ಳಲೂ ಆಗಬಾರದು. 45ರಿಂದ 50 ಡಿಗ್ರಿ ನಡುವೆ ಎಲ್ಲೋ ಇರುತ್ತದೆ. ಅದಕ್ಕಿಂತ ತಣ್ಣಗಾದರೆ ಅಗಾರ್ ಗಂಟು ಕಟ್ಟುತ್ತದೆ.

ಇನ್‌ಕ್ಯುಬೇಟರ್ ಅಂದರೆ ವ್ಯಾಕ್ಸಿನ್ ಬರುವ ಥರ್ಮೊಕೋಲ್ ಪೆಟ್ಟಿಗೆ, ಎರಡು ಹಳೇ ಕಾಲದ ಬಲ್ಬು, ಒಂದು ಡಿಜಿಟಲ್ ಥರ್ಮೊಸ್ಟಾಟ್. ಎಲ್ಲಾ ಸೇರಿ ಸಾವಿರದ ಆರುನೂರು ಆಗಿರಬಹುದು. ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಹೊತ್ತಿಗೆ ಒಳಗೆ 26 ಡಿಗ್ರಿ. ಇನ್ವರ್ಟರ್‌ಗೆ ಹಾಕಿದ ಮೇಲೂ ಧೈರ್ಯ ಸಾಲಲಿಲ್ಲ, ಒಂದು ಲೀಟರ್ ನೀರಿನ ನಾಲ್ಕು ಬಾಟಲಿ ಒಳಗಿಟ್ಟೆ. ನೀರು ಬಿಸಿ ಹಿಡಿದುಕೊಳ್ಳುತ್ತದೆ. ಈಗ ಮೂರು ಗಂಟೆ ಕರೆಂಟ್ ಇಲ್ಲದಿದ್ದರೂ ಚಿಂತೆಯಿಲ್ಲ.

ಆದರೆ ಇವೆಲ್ಲಕ್ಕಿಂತ ಜಾಸ್ತಿ ಕಾಡಿದ್ದು ಸ್ಯಾಂಪಲ್. ಒಂದೇ ಪ್ಲೇಟಿನಲ್ಲಿ ನಾಲ್ಕು ಥರ ಕಾಲನಿ (ರೋಗಾಣು ಬೆಳೆದು ಕಾಣುವ ಚುಕ್ಕೆ) ಬಂದರೆ ಅದು ಕೊಟ್ಟಿಗೆಯ ಸಗಣಿ, ಕೆಚ್ಚಲಿನ ರೋಗ ಅಲ್ಲ. ಮೊದಲ ಆರು ತಿಂಗಳು ಹತ್ತರಲ್ಲಿ ನಾಲ್ಕು ಪ್ಲೇಟ್ ಹೀಗೇ ಹೋದವು. ರೈತರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು, ಆ ನೀರು ಮೊಲೆಯಿಂದ ಸ್ಯಾಂಪಲ್ ಟ್ಯೂಬಿಗೆ ಇಳಿಯುತ್ತಿತ್ತು. ನುಗ್ಗೇಹಳ್ಳಿ ಕಡೆಯ ಒಬ್ಬ ಅಕ್ಕನಿಗೆ ಒಮ್ಮೆ ಕೂತು ಹೇಳಿಕೊಟ್ಟೆ. ಸ್ಪಿರಿಟ್ ಅರಳೆಯಲ್ಲಿ ಮೊದಲು ಆಚೆ ಬದಿಯ ಮೊಲೆ ಒರೆಸಬೇಕು, ಆಮೇಲೆ ಈಚೆಯದು. ಹಾಲು ಹಿಡಿಯುವಾಗ ಈಚೆಯದು ಮೊದಲು. ಹಾಗಾದರೆ ತೋಳು ಒರೆಸಿದ ಮೊಲೆಗೆ ತಾಗುವುದಿಲ್ಲ. ಮೊದಲ ಮೂರು ಧಾರೆ ನೆಲಕ್ಕೆ, ಸ್ಯಾಂಪಲ್ ಟ್ಯೂಬ್ ಓರೆಯಾಗಿ ಹಿಡಿಯಬೇಕು. ಮಾರನೇ ವಾರ ಫೋನ್ ಮಾಡಿ, "ಡಾಕ್ಟ್ರೇ, ಸ್ಪಿರಿಟ್ ಅರಳೆ ಕಪ್ಪಾಗೋದು ನಿಂತ ಮೇಲೇ ಹಾಲು ಹಿಡ್ದೀನಿ" ಅಂದರು. ಆ ಪ್ಲೇಟ್ ಇನ್ನೂ ಕಣ್ಣ ಮುಂದಿದೆ. ಒಂದೇ ಥರದ ಕಾಲನಿ, ದಾರದಲ್ಲಿ ಪೋಣಿಸಿದ ಹಾಗೆ. ಅವತ್ತಿನಿಂದ ಆ ಅಕ್ಕನೇ ಅಕ್ಕಪಕ್ಕದ ಎಂಟು ಮನೆಗೆ ಕಲಿಸಿದ್ದಾರೆ. ಹಾಲು ಕರೆಯುವ ಹೆಂಗಸರು ಹಿಡಿದ ಸ್ಯಾಂಪಲ್, ನನ್ನ ಸಹಾಯಕರು ಹಿಡಿದದ್ದಕ್ಕಿಂತ ಚೊಕ್ಕ.

ಓದುವ ವಿಧಾನ ಸುಲಭ. ಎರಡು ಭಾಗದ ಪ್ಲೇಟು, ಒಂದು ಕಡೆ ಬ್ಲಡ್, ಇನ್ನೊಂದು ಕಡೆ ಮೆಕಾಂಕಿ ಅನ್ನುವ ಬೇರೆ ಬಗೆಯ ಅಗಾರ್. ಎರಡೂ ಕಡೆ ಬೆಳೆದರೆ ಗ್ರಾಂ ನೆಗೆಟಿವ್, ಬ್ಲಡ್ ಕಡೆ ಮಾತ್ರ ಬೆಳೆದರೆ ಪಾಸಿಟಿವ್. ಪಾಸಿಟಿವ್‌ನಲ್ಲಿ ಸ್ಟ್ಯಾಫೋ ಸ್ಟ್ರೆಪ್ಪೋ (ಆ ಗುಂಪಿನ ಎರಡು ಬಗೆ) ಅಂತ ತಿಳಿಯಲು ಕಾಲನಿಗೆ ಹೈಡ್ರೊಜನ್ ಪೆರಾಕ್ಸೈಡ್ ಹನಿ. ಗುಳ್ಳೆ ಬಂದರೆ ಸ್ಟ್ಯಾಫ್. ಮೊದಲ ಎರಡು ತಿಂಗಳು ನನಗೆ ಎಲ್ಲವೂ ಸ್ಟ್ಯಾಫೇ! ಕಾಲನಿ ಜೊತೆ ಚೂರು ಅಗಾರ್ ಕೂಡ ಕೆರೆದು ತೆಗೆಯುತ್ತಿದ್ದೆ, ಅದರಲ್ಲಿದ್ದ ರಕ್ತವೇ ಗುಳ್ಳೆ ಏಳಿಸುತ್ತಿತ್ತು. ಕಾಲನಿಯ ತುದಿಯನ್ನು ಮಾತ್ರ ಮುಟ್ಟಿ ತೆಗೆಯಿರಿ. ಪ್ಲೇಟಿಗೆ ಹಚ್ಚುವ ಮುಂಚೆ ಹಾಲಿಗೆ ನಾನು ಒಂದು ಕೆಲಸ ಮಾಡುತ್ತೇನೆ, ಅದರಿಂದ ಅಡಗಿ ಕೂತ ಸ್ಟ್ಯಾಫ್ ಔರಿಯಸ್ (ಬೇಗ ಬಿಡದ ಒಂದು ಸ್ಟ್ಯಾಫ್) ಜಾಸ್ತಿ ಸಿಗುತ್ತದೆ. ಅದನ್ನು ಇಲ್ಲಿ ಬರೆಯಲ್ಲ. ಮನೆಗೆ ಬಂದು ಒಂದು ದಿನ ಜೊತೆ ಕೂರುವವರಿಗೆ ತೋರಿಸುತ್ತೇನೆ.

ದುಡ್ಡಿನ ವಿಷಯ. ಕುಕ್ಕರ್, ಪುಡಿ ಡಬ್ಬಿಗಳು, ಪ್ಲೇಟು, ಪೆಟ್ಟಿಗೆ, ಎಲ್ಲಾ ಸೇರಿ ಹದಿನೆಂಟು ಹತ್ತೊಂಬತ್ತು ಸಾವಿರ ಹಾಕಿದೆ. ಮೊದಲ ವರ್ಷ ಇನ್ನೂರಕ್ಕೂ ಜಾಸ್ತಿ ಪ್ಲೇಟ್ ಎಸೆದೆ. ಬಿಟ್ಟುಹೋದ ಮನೆಗಳ ಲೆಕ್ಕ ಬೇರೆ. ಹೆಂಡತಿ ಒಂದು ದಿನ ಡೈರಿ ಪುಸ್ತಕ ತೆಗೆದು ಕೂಡಿಸಿ, "ಇದೇ ದುಡ್ಡಲ್ಲಿ ಒಂದು ಕಡಸು ಬರ್ತಿತ್ತು" ಅಂದಳು. ಈಗ ಒಂದು ಪ್ಲೇಟಿಗೆ ನನಗೆ ಹದಿನೈದು ರೂಪಾಯಿ ಬೀಳುತ್ತದೆ, ಸ್ಯಾಂಪಲ್‌ಗೆ ನೂರೈವತ್ತು ತಗೊಳ್ಳುತ್ತೇನೆ. ರೈತನ ಕಡೆಯಿಂದ ನೋಡಿ. ಟ್ಯೂಬು, ಇಂಜೆಕ್ಷನ್ನು ಅಂತ ಒಂದು ಕೋರ್ಸಿಗೆ ಸಾವಿರದ ಎಂಟುನೂರು, ಎರಡು ಸಾವಿರ. ಅದಕ್ಕಿಂತ ದೊಡ್ಡದು ಹಾಲು. ಆಂಟಿಬಯಾಟಿಕ್ ಕೊಟ್ಟ ಹಸುವಿನ ನಾಲ್ಕೂ ಮೊಲೆಯ ಹಾಲು ಡೈರಿಗೆ ಹಾಕುವಂತಿಲ್ಲ. ಕೊಡದಿದ್ದರೆ ಕೆಟ್ಟ ಮೊಲೆಯದ್ದು ಮಾತ್ರ ಚೆಲ್ಲಬೇಕು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿಗೆ ಐದಾರು ದಿನದ ಲೆಕ್ಕ ಹಾಕಿ, ನಿಮಗೇ ಗೊತ್ತಾಗುತ್ತದೆ. ಚೆಲ್ಲಬೇಕಾದ ಹಾಲನ್ನು ಕೆಲವರು ಚೆಲ್ಲುವುದಿಲ್ಲ ಅನ್ನುವುದೂ ನಮಗೆಲ್ಲ ಗೊತ್ತು. ಅದನ್ನು ಕುಡಿಯುವುದು ನಮ್ಮ ಮಕ್ಕಳೇ ಅಲ್ವಾ?

ಇಲ್ಲಿಯವರೆಗೆ ಆರುನೂರು ಚಿಲ್ಲರೆ ಸ್ಯಾಂಪಲ್ ಆಗಿರಬೇಕು. ಹತ್ತರಲ್ಲಿ ಮೂರರಲ್ಲಿ ಏನೂ ಬೆಳೆಯಲಿಲ್ಲ, ಎರಡರಲ್ಲಿ ಗ್ರಾಂ ನೆಗೆಟಿವ್. ಅಂದರೆ ಅರ್ಧದಷ್ಟು ಹಸುಗಳಿಗೆ ಟ್ಯೂಬ್ ಹಾಕಲೇ ಇಲ್ಲ. ಹೆಚ್ಚಿನವುಗಳ ಹಾಲು ನಾಲ್ಕೈದು ದಿನದಲ್ಲಿ ಸರಿ ಹೋಯಿತು. ನಮ್ಮ ತಾಲ್ಲೂಕಿನಲ್ಲಿ ಇಷ್ಟು ಪ್ಲೇಟ್ ನೋಡಿದ ಖಾಸಗಿ ಡಾಕ್ಟರ್ ಇನ್ನೊಬ್ಬರು ಇರಲಿಕ್ಕಿಲ್ಲ.

ಪ್ಲೇಟಿನ ಬೆಲೆ ನನಗೆ ನಿಜವಾಗಿ ತಿಳಿದದ್ದು ಆಲೂರು ಕಡೆಯ ಒಂದು ಫಾರ್ಮ್‌ನಲ್ಲಿ. ಹದಿನಾಲ್ಕು ಎಚ್‌ಎಫ್ ಹಸು. ಮೂರು ವಾರದಲ್ಲಿ ನಾಲ್ಕಕ್ಕೆ ಬಾವು. ಔಷಧಿ ಬದಲಾಯಿಸಿ ಬದಲಾಯಿಸಿ ಯಜಮಾನರು ಸೋತಿದ್ದರು. ನಾಲ್ಕೂ ಪ್ಲೇಟಿನ ಮೆಕಾಂಕಿ ಕಡೆ ಒಂದೇ ಚಿತ್ರ: ಗುಲಾಬಿ ಬಣ್ಣ, ಉಬ್ಬಿದ ಕಾಲನಿ, ಲೂಪ್ (ಕಾಲನಿ ಮುಟ್ಟುವ ತಂತಿ) ಎತ್ತಿದರೆ ಲೋಳೆ ಎಳೆ ಎಳೆಯಾಗಿ ಬರುತ್ತದೆ. ಕ್ಲೆಬ್ಸಿಯೆಲ್ಲಾ ಅನ್ನುವ ಗ್ರಾಂ ನೆಗೆಟಿವ್ ರೋಗಾಣು. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ, "ಹಸು ಮಲಗೋ ಜಾಗಕ್ಕೆ ಏನು ಹಾಕಿದ್ದೀರಿ ಅಣ್ಣ?" ಸಾಮಿಲ್‌ನಿಂದ ಒಂದು ಲೋಡ್ ಮರದ ಹೊಟ್ಟು ತರಿಸಿದ್ದರು. ಜುಲೈ ಮಳೆ, ಹೊಟ್ಟೆಲ್ಲ ಒದ್ದೆ. ಕ್ಲೆಬ್ಸಿಯೆಲ್ಲಾ ಬೆಳೆಯಲು ಅದೇ ಜಾಗ. ಅವತ್ತೇ ಎಲ್ಲ ಬಳಿಸಿ, ಸುಣ್ಣ ಹಾಕಿಸಿ, ಬರೀ ಮ್ಯಾಟ್ ಮೇಲೆ ಮಲಗಿಸಿದೆವು. ಕ್ಲೆಬ್ಸಿಯೆಲ್ಲಾ ಕೋಲಿಯಷ್ಟು ಬೇಗ ಬಿಡುವುದಿಲ್ಲ, ಆ ನಾಲ್ಕು ಹಸು ಸುಧಾರಿಸಲು ಟೈಮ್ ಹಿಡಿಯಿತು. ಒಂದರ ಮೊಲೆ ಉಳಿಯಲೂ ಇಲ್ಲ. ಆದರೆ ಐದನೆಯದು ಬರಲಿಲ್ಲ.

ಸ್ಟ್ಯಾಫ್ ಔರಿಯಸ್ ಬಗ್ಗೆ ಮಾತ್ರ ನನಗೆ ಇನ್ನೂ ಸಮಾಧಾನ ಇಲ್ಲ. ನಾಲ್ಕನೇ ಸೂಲಿನ ಹಸು, ಕೆಚ್ಚಲಲ್ಲಿ ಗಟ್ಟಿ ಗಂಟು, ಮೂರನೇ ಸಲ ಬಾವು ಅಂದರೆ ಯಾವ ಟ್ಯೂಬೂ ಅಷ್ಟಕ್ಕಷ್ಟೇ. ಅಂಥದ್ದನ್ನು ಹಿಂಡಿನಿಂದ ತೆಗೆಯಿರಿ ಅನ್ನುತ್ತದೆ ಪುಸ್ತಕ. ನಮ್ಮಲ್ಲಿ ತೆಗೆದ ಹಸು ಸಂತೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬ ಬಡವನ ಕೊಟ್ಟಿಗೆಗೆ. ನಾನು ಆ ಸಲಹೆ ಕೊಡುವುದಿಲ್ಲ. ಆ ಮೊಲೆ ಬತ್ತಿಸಿ, ಆ ಹಸುವಿನ ಹಾಲನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ ಅನ್ನುತ್ತೇನೆ.

ನಡುವೆ ಒಂದು ಪರೀಕ್ಷೆ ಮಾಡಿದೆ. ಲೋಳೆಸರ ಕಾಲು ಕೆಜಿ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ದಿನಕ್ಕೆ ಹತ್ತು ಸಲ ಹಚ್ಚುವ ಮದ್ದು ನಿಮಗೆಲ್ಲ ಗೊತ್ತು. ಇಪ್ಪತ್ತು ಚಿಲ್ಲರೆ ಹಸುಗಳಿಗೆ ಹಚ್ಚಿಸಿ, ಮೊದಲೂ ಆಮೇಲೂ ಪ್ಲೇಟ್ ಹಾಕಿದೆ. ಊತ ಚೆನ್ನಾಗಿ ಇಳಿಯುತ್ತದೆ, ಹಸು ಹಾಲು ಕರೆಯಲು ಬಿಡುತ್ತದೆ. ಆದರೆ ಸ್ಟ್ಯಾಫ್ ಔರಿಯಸ್ ಇದ್ದ ಐದು ಹಸುಗಳಲ್ಲಿ ಆರನೇ ದಿನವೂ ಅದೇ ಕಾಲನಿ ಬೆಳೆಯಿತು. ಊತಕ್ಕೆ ಹಚ್ಚಿ, ಅದನ್ನೇ ನಂಬಿ ಕೂರಬೇಡಿ. ಬಟ್ಟೆ ಸೋಪಿನ ಪುಡಿ ನೀರಲ್ಲಿ ಸಿಎಂಟಿ (ಕೆಚ್ಚಲು ಬಾವು ಪತ್ತೆ ಮಾಡುವ ಪರೀಕ್ಷೆ) ಥರ ಪರೀಕ್ಷೆ ಮಾಡುವುದನ್ನೂ ನೋಡಿದೆ. ನೂರು ಎಂಎಲ್ ನೀರಿಗೆ ಮೂರು ಗ್ರಾಂ ಕಲಸಿದರೆ ಅದರಲ್ಲಿ ಕೆಟ್ಟ ಹಾಲು ಲೋಳೆ ಕಟ್ಟುತ್ತದೆ, ರೈತರಿಗೆ ಸಾಕು.

ಮಾಡುವವರಿಗೆ ಎರಡು ಎಚ್ಚರಿಕೆ. ಗಬ್ಬ ಇಳಿಸಿದ (ತಿಂಗಳು ತುಂಬುವ ಮೊದಲೇ ಕಂದು ಹಾಕಿದ) ಹಸುವಿನ ಹಾಲನ್ನು ಮನೆಯಲ್ಲಿ ಪ್ಲೇಟ್ ಹಾಕಲೇಬೇಡಿ. ಗಬ್ಬ ಇಳಿಸುವ ಬ್ರುಸೆಲ್ಲಾ ರೋಗಾಣು ಅದರಲ್ಲಿದ್ದರೆ ನಿಮಗೇ ರೋಗ ಬರಬಹುದು. ಓದಿದ ಪ್ಲೇಟನ್ನೆಲ್ಲ ಮತ್ತೆ ಕುಕ್ಕರ್‌ನಲ್ಲಿ ಬೇಯಿಸಿ ಆಮೇಲೆ ಎಸೆಯಿರಿ. ಆ ಕುಕ್ಕರ್ ಅಡುಗೆಮನೆಗೆ ವಾಪಸ್ ಹೋಗಬಾರದು.

ಈಗ ಕೈಹಾಕಿರುವುದು ಹಾಲು ಬತ್ತಿಸುವ ಹಸುಗಳಿಗೆ. ಎಲ್ಲಕ್ಕೂ ಡ್ರೈ ಕೌ ಟ್ಯೂಬ್ (ಹಾಲು ಬತ್ತಿಸುವಾಗ ಹಾಕುವ ಆಂಟಿಬಯಾಟಿಕ್) ಹಾಕುವ ಬದಲು, ಪ್ಲೇಟ್ ಚೊಕ್ಕವಾಗಿರುವ ಹಸುಗಳಿಗೆ ಆಂಟಿಬಯಾಟಿಕ್ ಇಲ್ಲದೆ ಮೊಲೆ ಮುಚ್ಚುವ ಸೀಲಂಟ್ ಮಾತ್ರ ಹಾಕಿದ್ದೇನೆ. ಹದಿನಾಲ್ಕು ಹಸು. ಐದು ಕರು ಹಾಕಿವೆ, ನಾಲ್ಕರ ಗಿಣ್ಣು ಹಾಲು ಚೊಕ್ಕವಾಗಿತ್ತು. ಒಂದರ ಹಿಂದಿನ ಎಡ ಮೊಲೆಯಲ್ಲಿ ಸ್ಟ್ರೆಪ್ ಸಿಕ್ಕಿತು, ಪೆನಿಸಿಲಿನ್‌ಗೆ ಬಗ್ಗಿತು. ಉಳಿದ ಒಂಬತ್ತು ದೀಪಾವಳಿ ಹೊತ್ತಿಗೆ ಕರು ಹಾಕುತ್ತವೆ.